ಹಸಿ ಭತ್ತದ ಇಳಿಜಾರು

ಮಾವನವರಿಗೆ ನನ್ನ ಓದಿನ ಮೇಲೆ ಅಭಿಮಾನ ಉಕ್ಕುತ್ತಿದ್ದುದು ಬೇರೆಯವರ ಮುಂದೆ ಮಾತ್ರ. ಮರುದಿನ ನನ್ನ ಪಿಎಚ್‌ಡಿ ವೈವಾ. ವಳಕಮದಿನ್ನಿಯ ನಮ್ಮ ಕಣಕ್ಕೆ ಸಿಂಧನೂರಿನ ವ್ಯಾಪಾರಿ ಭತ್ತ ನೋಡಲು ಬಂದಿದ್ದ. ಮಾವ ನನ್ನನ್ನು ಕರೆದು, "ನಮ್ ಸೊಸಿ ನಾಳಿ ಡಾಕ್ಟರ್ ಆಗ್ತಾಳ್ರಿ. ಏನ್ ಓದೀದಿ, ಸಾವುಕಾರ್ರಿಗೆ ತಿಳಿಯಂಗ ಹೇಳವಾ" ಎಂದರು.

ಎದುರಿಗೇ ರಾಶಿ ಇತ್ತು. ಮಳೆಗೆ ನೆನೆದ ಭತ್ತವನ್ನು ಒಣ ಭತ್ತದ ಜೊತೆ ಪಟ್ಟಿಪಟ್ಟಿಯಾಗಿ ಸುರಿದು, ಮೇಲೆ ಒಣಗಿದ್ದನ್ನು ಹೊದಿಸುವುದು ಮಾವನ ಹಳೆಯ ವಿದ್ಯೆ. ಅದು ಗುಟ್ಟೆಂದು ನನಗೆ ಯಾರೂ ಹೇಳಿರಲಿಲ್ಲ.

"ರಾಶಿ ಇಳಿಜಾರು ಒಂದು ಮಿತಿ ದಾಟಂಗಿಲ್ರಿ, ದಾಟಿದ್ರ ಜಾರತೈತಿ. ಒಣಾ ಭತ್ತ ಲಗೂ ಜಾರತೈತಿ, ಹಸೀದು ಇನ್ನಷ್ಟು ಕಡಿದಾಗಿ ನಿಲ್ತೈತಿ. ಇಲ್ಲಿ ಮಾಡ್ಯಾರಲ್ರಿ, ಹಂಗ ಎರಡೂ ಪಟ್ಟಿಪಟ್ಟಿ ಸುರುವಿದ್ರ ಇಡೀ ರಾಶಿ ಮಿತಿ ಎಷ್ಟು? ಪಟ್ಟಿಗೆ ಅಡ್ಡ ಹೋದ್ರ ಎರಡರ ಸರಾಸರಿ. ಪಟ್ಟಿ ಗುಂಟ ಉದ್ದಕ್ಕ ಹೋದ್ರ ಸರಾಸರಿ ನಡ್ಯಂಗಿಲ್ಲ, ಯಾವ್ದರ ಮಿತಿ ಕಮ್ಮೀನೋ ಅದು ಹೇಳಿದ್ದ ಖರೆ."

ವ್ಯಾಪಾರಿಗೆ ಗಣಿತ ತಿಳಿಯಿತೋ ಇಲ್ಲವೋ, ಹಸಿ ಎಂಬುದು ತಿಳಿಯಿತು. ಮೊಣಕೈತನಕ ಕೈ ತೂರಿಸಿ ಹಸಿ ಭತ್ತ ಹೊರಗೆಳೆದ. ಅದನ್ನು ಮಾವನ ಕಾಲಬುಡಕ್ಕೆ ಸುರಿದು ಗಾಡಿ ಹತ್ತಿದ.

"ನಾಳಿ ನೀ ಎಲ್ಲೂ ಹೋಗಂಗಿಲ್ಲ. ಓದಿದ ಬಾಯಿ ಒಲಿ ಮುಂದ ಇರ್ಲಿ" ಎಂದರು ಮಾವ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಮೋಸ ಅವರದು, ಮುಚ್ಚುವ ಬಾಗಿಲು ನನ್ನದು. ಮೈ ಉರಿದುಹೋಯಿತು.

ನನ್ನ ಗಂಡ ಯಾರ ಮನಸ್ಸನ್ನೂ ನೋಯಿಸದವರು ಎಂದು ಊರೆಲ್ಲ ಹೊಗಳುತ್ತದೆ. "ಅಪ್ಪನ ಮಾತೂ ಉಳೀಲಿ, ನಿಂದೂ ಉಳೀಲಿ. ದವಾಖಾನಿಗೆ ಅಂತ ಹೇಳಿ ಮಸ್ಕಿತನಕ ಬಿಡ್ತೀನಿ. ಅಲ್ಲಿಂದ ಬಸ್ಸಿಗೆ ಹೋಗು" ಎಂದರು. ಬೆಳಿಗ್ಗೆ ಬೈಕಿನಲ್ಲಿ ಹೊರಟೆವು.

ಮಸ್ಕಿ ಬಸ್‌ಸ್ಟ್ಯಾಂಡಿನಲ್ಲಿ ಗಂಡನಿಗೆ ಮಾವನ ಫೋನು ಬಂತು. "ಹೂಂ ಅಪ್ಪಾ, ಹೂಂ" ಎಂದು ಕೇಳಿಸಿಕೊಂಡರು. "ಅಪ್ಪಗ ಗೊತ್ತಾಗೇತಿ. ಊಟ ಬಿಟ್ಟು ಕುಂತಾನ. ಮುಂದಿನ ಸಲ ಹೋಗೀಯಂತ, ಗಾಡಿ ಹತ್ತು, ಮನಿಗೆ ಹೋಗೂಣು."

ನಾನು ಹತ್ತಬೇಕಿದ್ದ ಲಿಂಗಸುಗೂರು ಬಸ್ಸು ಬಂದು ನಿಂತಿತು. ಚಹಾದಂಗಡಿಯವರೆಲ್ಲ ಕೇಳುವಂತೆ ಹೇಳಿದೆ: "ರಾಶಿ ಮಿತಿ ತಿಳ್ಯಾಕ ನನಗ ಇಷ್ಟು ವರ್ಷ ಬೇಕಾತ್ರಿ. ನಿಮ್ದು ತಿಳ್ಯಾಕ ಮಸ್ಕಿತನಕ ಬಂದದ್ದ ಸಾಕಾತು."

ಯಾರೋ ಕಿಸಕ್ಕನೆ ನಕ್ಕರು. ನಗಲಿ ಎಂದೇ ಹೇಳಿದ್ದೆ. ಗಂಡನ ಕಣ್ಣು ತುಂಬಿದ್ದು ಕಂಡಿತು. ನನಗೆ ಒಂದಿಷ್ಟೂ ಮರುಕ ಹುಟ್ಟಲಿಲ್ಲ. ಬಸ್ಸು ಹತ್ತಿ ಕಿಟಕಿ ಪಕ್ಕದ ಸೀಟು ಹಿಡಿದೆ.