ಗಾಳಿಯ ಕೊಸರು

ನನ್ನ ಕಾಕಾ ಅಕ್ಕಿಆಲೂರಿನಲ್ಲಿ ಗಾಳಿ ಮಾರಲು ಕೂತ ವರ್ಷ ಯಾವುದೆಂದು ನನಗೆ ಖಚಿತವಿಲ್ಲ. ಅರವತ್ತರ ದಶಕದ ಮೊದಲ ಅರ್ಧ ಎಂದು ಮಾತ್ರ ಧೈರ್ಯವಾಗಿ ಹೇಳಬಲ್ಲೆ. ನಾನು ಧಾರವಾಡದಲ್ಲಿ ಬಿ.ಎಸ್ಸಿ. ಮುಗಿಸಿ, ಕೆಲಸ ಸಿಗುವವರೆಗೆ ಯಾರ ಮನೆಯಲ್ಲಿ ಉಂಡರೆ ಕಡಿಮೆ ಬೈಸಿಕೊಳ್ಳಬಹುದು ಎಂದು ಯೋಚಿಸುತ್ತಿದ್ದ ಕಾಲ ಅದು. ಶಿಗ್ಗಾಂವಿಯಲ್ಲಿ ಅಪ್ಪನ ಕಿರಾಣಿ ಅಂಗಡಿ ಇತ್ತು, ತಕ್ಕಡಿಯ ಹಿಂದೆ ನನಗೊಂದು ಜಾಗವೂ ಕಾದಿತ್ತು. ಅಲ್ಲಿ ಕೂರುವುದನ್ನು ತಪ್ಪಿಸಿಕೊಳ್ಳಲು ಹಾನಗಲ್ಲ ತಾಲೂಕಿನ ಅಕ್ಕಿಆಲೂರಿಗೆ, ಕಾಕಾನ ಮನೆಗೆ ಓಡಿಬಂದೆ. ಕಾಕಾ ನನಗಿಂತ ಮೊದಲೇ ಅದೇ ತಕ್ಕಡಿಯಿಂದ ಓಡಿಬಂದವನು.

ಕಾಕಾ ಎಂದರೆ ಅಪ್ಪನ ಒಬ್ಬನೇ ತಮ್ಮ. ಮೀಸೆ ಬಂದಾಗಿನಿಂದ ಆ ಅಂಗಡಿಯಲ್ಲಿ ಬೆಲ್ಲ, ಬೇಳೆ, ಸವಣೂರಿನ ಕಡೆಯಿಂದ ಬರುವ ಮೆಣಸಿನಕಾಯಿ ತೂಗಿ ತೂಗಿ ಬೇಸತ್ತಿದ್ದ. ಹುಬ್ಬಳ್ಳಿಯ ಮೋಟಾರು ಗ್ಯಾರೇಜೊಂದು ಮುಚ್ಚಿದಾಗ ಅಲ್ಲಿಯ ಏರ್ ಕಂಪ್ರೆಸರು ಅವನ ಕಣ್ಣಿಗೆ ಬಿತ್ತು. ಅದನ್ನು ಕೊಂಡು, ಅಕ್ಕಿಆಲೂರಿನಲ್ಲಿ ಅಕ್ಕಿ ಗಿರಣಿಯ ಪಕ್ಕದ ಒಂದು ಕೋಣೆ ಹಿಡಿದ. ಮುಂದೆ ಅಂಗಡಿ, ಹಿಂದೆ ಮನೆ. ಅಪ್ಪ ತಡೆಯಲಿಲ್ಲ, ಆದರೆ ಷರತ್ತು ಹಾಕಿದ: ದೀಪಾವಳಿಯವರೆಗೆ ನಡೆಸಿ ನೋಡು, ಅಷ್ಟರಲ್ಲಿ ಮಶೀನು ಮನೆ ನಡೆಸದಿದ್ದರೆ ಮಾರಿಬಿಟ್ಟು ಶಿಗ್ಗಾಂವಿಗೆ ವಾಪಸು ಬಾ. ಕಾಕಾ ಒಪ್ಪಿಕೊಂಡು ಬಂದಿದ್ದ. ಅಣ್ಣನಿಗೆ ಕೊಟ್ಟ ಮಾತು ಮುರಿಯುವವನಲ್ಲ, ಆದ್ದರಿಂದ ದೀಪಾವಳಿಗೆ ಇನ್ನೆಷ್ಟು ದಿನ ಎಂದು ದಿನಾ ಎಣಿಸುತ್ತಿದ್ದ.

ಯಂತ್ರ ಹಸಿರು ಬಣ್ಣದ್ದು ಎಂದು ನನ್ನ ನೆನಪು. ನೀಲಿ ಎನ್ನುತ್ತಾಳೆ ಚಿಗವ್ವ, ಅಂದರೆ ಕಾಕಾನ ಹೆಂಡತಿ. ದಿನಾ ಅದನ್ನು ಒರೆಸುತ್ತಿದ್ದವಳು ಅವಳಾದ್ದರಿಂದ ನೀಲಿಯೇ ಇದ್ದಿರಬೇಕು. ಉದ್ದನೆಯ ಒಂದು ಟಾಕಿ, ಅದರ ಮೇಲೆ ಮೋಟಾರು, ಮೋಟಾರಿನಿಂದ ಪಟ್ಟಾ. ಪಟ್ಟಾ ತಿರುಗಿದರೆ ಪಿಸ್ಟನ್ನು ಗಾಳಿಯನ್ನು ಗುದ್ದಿ ಗುದ್ದಿ ಟಾಕಿಗೆ ತುಂಬುತ್ತಿತ್ತು. ಎಷ್ಟೋ ವರ್ಷಗಳ ಮೇಲೆ ಒಂದು ಕಾರ್ಖಾನೆಯಲ್ಲಿ ಸ್ಕ್ರೂ ಕಂಪ್ರೆಸರ್ ನೋಡಿದೆ. ಒಂದರೊಳಗೊಂದು ಹೆಣೆದುಕೊಂಡ ಎರಡು ತಿರುಪುಗಳು ತಿರುಗುತ್ತ, ಗಾಳಿಯನ್ನು ಮುಂದೆ ಮುಂದೆ ತಳ್ಳಿ ಇಕ್ಕಟ್ಟಿಗೆ ಸಿಕ್ಕಿಸುತ್ತವೆ. ಪಕ್ಕದಲ್ಲಿ ನಿಂತು ಸಂಸಾರದ ಮಾತಾಡಬಹುದು, ಸದ್ದು ಅಷ್ಟು ಕಡಿಮೆ. ಆ ಗಾಳಿಯೇ ಅಲ್ಲಿ ಸುತ್ತಿಗೆ ಹೊಡೆಯುತ್ತಿತ್ತು, ಬಣ್ಣ ಎರಚುತ್ತಿತ್ತು, ಡಬ್ಬಿಗಳನ್ನು ಸಾಲಾಗಿ ತಳ್ಳುತ್ತಿತ್ತು. ಕಾಕಾನ ಯಂತ್ರಕ್ಕೆ ಅಂಥ ಗಾಂಭೀರ್ಯವಿರಲಿಲ್ಲ. ಅದು ಶುರುವಾಯಿತೆಂದರೆ ಗಿರಣಿಯ ಹಮಾಲರು ಒಬ್ಬರಿಗೊಬ್ಬರು ಬೈದದ್ದನ್ನು ಇನ್ನೊಮ್ಮೆ ಬೈಯಬೇಕಾಗುತ್ತಿತ್ತು.

ಮೊದಮೊದಲು ಜನ ನೋಡಲು ಬಂದರು, ತುಂಬಿಸಲು ಬರಲಿಲ್ಲ.

"ಗಾಳಿಗೆ ರೊಕ್ಕಾ? ನಾಳೆ ಬಿಸಲಿಗೂ ಅಂಗಡಿ ತಗೀತೀರೇನ್ರಿ ಸಾವಕಾರ್ರ?"

"ಬಿಸಲು ಟಾಕ್ಯಾಗ ಕುಂಡ್ರಂಗಿಲ್ಲ, ಅದಕ್ಕ ತಗದಿಲ್ಲ," ಎನ್ನುತ್ತಿದ್ದ ಕಾಕಾ.

ಸೈಕಲ್ಲಿನವರ ಬಳಿ ಕೈಪಂಪು ಇದ್ದವು. ಲಾರಿಗಳು ಅಪರೂಪ. ಕಾಕಾ ನಂಬಿದ್ದು ಟೈರಿನ ಗಾಡಿಗಳನ್ನು. ಕಬ್ಬಿಣದ ಪಟ್ಟಿಯ ಚಕ್ಕಡಿಗಳ ನಡುವೆ ಹಳೆಯ ಲಾರಿ ಟೈರು ಹಾಕಿದ ಗಾಡಿಗಳು ಆಗ ನಮ್ಮ ಕಡೆ ಒಂದೊಂದೇ ಕಾಣಿಸಿಕೊಳ್ಳುತ್ತಿದ್ದವು. ಅವುಗಳ ಮಾಲಕರು ಗಾಡಿಯನ್ನು ಹೊಸ ಅಳಿಯನಂತೆ ನೋಡಿಕೊಳ್ಳುತ್ತಿದ್ದರು. ಸಂತೆಯ ದಿನ ಹಿರೇಕೆರೂರ ರಸ್ತೆಯಿಂದ ಬಂದ ಅಂಥ ಒಬ್ಬ ಗಾಡಿಯವನು ಮೊದಲ ಸಲ ನಮ್ಮ ಮುಂದೆ ಎತ್ತು ಬಿಚ್ಚಿದ. ಕಾಕಾ ಗಾಳಿ ತುಂಬಿ, ಗಡಿಯಾರದಂಥ ಮೀಟರಿನ ಮುಳ್ಳು ತೋರಿಸಿದ.

"ನೋಡ್ರಿ, ಬರೋಬ್ಬರಿ ನಿಂತೈತಿ."

ಗಾಡಿಯವನು ಮುಳ್ಳು ನೋಡಲಿಲ್ಲ. ಹೆಬ್ಬೆರಳಿನಿಂದ ಟೈರು ಒತ್ತಿ ನೋಡಿದ. "ಇದು ರೊಕ್ಕದ ಗಾಳಿ ಆತು. ಕೊಸರು?"

ನಮ್ಮ ಕಡೆ ಕೊಸರಿಲ್ಲದ ವ್ಯಾಪಾರವಿಲ್ಲ. ಸೊಪ್ಪಿನವಳು ಸಿವುಡಿನ ಮೇಲೆ ನಾಲ್ಕು ಎಸಳು ಇಡಬೇಕು, ಹಾಲಿನವಳು ಅಳತೆಯ ಮೇಲೆ ಒಂದು ಗುಟುಕು ಸುರಿಯಬೇಕು. ಅಪ್ಪ ತನ್ನ ಅಂಗಡಿಯಲ್ಲಿ ತಕ್ಕಡಿ ಸಮ ನಿಂತ ಮೇಲೆ ಬೆಲ್ಲದ ಒಂದು ಚೂರು ಹಾಕದೆ ಪುಡಿಕೆ ಕಟ್ಟಿದವನಲ್ಲ, ತಮ್ಮನಿಗೂ ಅದನ್ನೇ ಕಲಿಸಿದ್ದ. ಕಾಕಾ ತಕ್ಕಡಿ ಬಿಟ್ಟರೂ ಅದು ಅವನ ಕೈ ಬಿಟ್ಟಿರಲಿಲ್ಲ. ಮುಳ್ಳು ಸರಿಯಾದ ಗೆರೆಗೆ ನಿಂತ ಮೇಲೂ ಪೈಪು ಮತ್ತೆ ಹಚ್ಚಿ ‘ಫಸ್’ ಎಂದು ಒಂದು ಬಿಟ್ಟ. ಗಾಡಿಯವನು ಇನ್ನೊಮ್ಮೆ ಹೆಬ್ಬೆರಳು ಒತ್ತಿ, "ಹಾಂ, ಈಗ ಛಲೋ ಮನಿತನದ ಅಂಗಡಿ ಅನಸ್ತು ನೋಡ್ರಿ," ಎಂದ.

ಸುದ್ದಿ ಹರಡಿತು. ಕೊಸರು ಕೊಡುವ ಗಾಳಿಯ ಅಂಗಡಿಗೆ ಸಂತೆಯ ದಿನ ಗಾಡಿಗಳು ನಿಲ್ಲತೊಡಗಿದವು. ಗುರುತಿನವರಿಗೆ ಒಂದು ಫಸ್ ಹೆಚ್ಚು, ಚಿಗವ್ವನ ತವರಾದ ಮಾಸೂರಿನ ಕಡೆಯವರಿಗೆ ಇನ್ನೂ ಒಂದು.

ನಾನು ಕಲಿತ ವಿದ್ಯೆ ಸುಮ್ಮನಿರಲಿಲ್ಲ. "ಕಾಕಾ, ಬೆಲ್ಲ ಹೆಚ್ಚಾದ್ರ ಮನ್ಯಾಗ ಪಾಯಸ ಆಗತೈತಿ. ಗಾಳಿ ಹೆಚ್ಚಾದ್ರ ಟೈರು ಒಡೀತೈತಿ. ಬಿಸಲಿಗೆ ಗಾಳಿ ಹಿಗ್ಗತೈತಿ."

"ಕೊಸರು ಕೊಟ್ರ ಗಿರಾಕಿನೂ ಹಿಗ್ಗತಾನ."

"ಮುಳ್ಳು ಯಾಕ ಇಟ್ಟಾರ ಮತ್ತ?"

"ಅದು ಹುಬ್ಬಳ್ಳಿ ಮುಳ್ಳು. ಅಲ್ಲಿ ಗ್ಯಾರೇಜು ಮುಚ್ಚಿದ್ದು ಯಾಕಂತ ತಿಳದಿ? ಮುಳ್ಳು ನೋಡಿ ಕೊಡತಿದ್ರು, ಅದಕ್ಕ!"

ನನ್ನ ಭೌತಶಾಸ್ತ್ರದ ಪುಸ್ತಕದಲ್ಲಿ ಗಿರಾಕಿಯ ಪಾಠವಿರಲಿಲ್ಲ. ಗಿರಾಕಿಗಳು ಬಂದದ್ದೇ ಕೊಸರಿಗೆ ಎನ್ನುವುದೂ ಸುಳ್ಳಾಗಿರಲಿಲ್ಲ.

ದೀಪಾವಳಿ ಹತ್ತಿರ ಬಂತು. ಚಿತ್ತಿ ಮಳೆ ಕೈಕೊಟ್ಟು ಬಿಸಿಲು ಕಾಯುತ್ತಿದ್ದ ಒಂದು ದಿನ ಅಪ್ಪ ಬಸ್ಸಿನಿಂದ ಇಳಿದ. ಕರಿ ಕೋಟು, ಕರಿ ಟೊಪ್ಪಿಗೆ, ಅಷ್ಟು ಧೂಳಿನ ರಸ್ತೆಯಲ್ಲಿ ಬಂದರೂ ಹಾಗೇ ಬೆಳ್ಳಗಿದ್ದ ಧೋತರ. ಅಂಗಡಿಯ ಕಟ್ಟೆಯ ಮೇಲೆ ಕೂತು ಯಂತ್ರವನ್ನು ಮೇಲಿಂದ ಕೆಳಗೆ ನೋಡಿದ. ಚಿಗವ್ವ ಒಳಬಾಗಿಲ ಪರದೆಯ ಹಿಂದೆ ನಿಂತಳು. ಗಂಡನ ಅಣ್ಣನ ಎದುರಿಗೆ ಅವಳು ಬರುತ್ತಿರಲಿಲ್ಲ.

"ಹೆಂಗ ನಡದೈತಿ?" ಎಂದು ಅಪ್ಪ ಕೇಳಿದ.

"ಛಲೋ ನಡದೈತಿ ಅಣ್ಣಾ. ಮುಂಜಾನಿಂದ ಗಾಡಿ ಬರಾಕತ್ತಾವು. ಒಬ್ಬರದೂ ತಕರಾರಿಲ್ಲ," ಎಂದ ಕಾಕಾ.

ಆಗಲೇ ಢಮ್ ಎಂದಿತು. ಆ ಸದ್ದು ಹಾನಗಲ್ಲಿನವರೆಗೆ ಕೇಳಿಸಿತೆಂದು ಕಾಕಾ ಮುಂದೆ ಎಲ್ಲರಿಗೂ ಹೇಳುತ್ತಿದ್ದ. ಕೇಳಿಸಿಕೊಂಡ ಹಾನಗಲ್ಲಿನವರು ನನಗೆ ಇನ್ನೂ ಸಿಕ್ಕಿಲ್ಲ. ಗಿರಣಿಯಿಂದ ಭತ್ತದ ಹೊಟ್ಟಿನ ಚೀಲ ಹೇರಿಕೊಂಡು ಹೊರಟಿದ್ದ ಗಾಡಿಯೊಂದರ ಟೈರು ನಮ್ಮ ಕಣ್ಣೆದುರಿಗೇ ಒಡೆದಿತ್ತು. ಬೆಳಿಗ್ಗೆ ಕಾಕಾನೇ ಅದಕ್ಕೆ ಗಾಳಿ ತುಂಬಿದ್ದ, ಧಾರಾಳವಾಗಿ. ಟೈರು ಹಳೆಯದಿತ್ತು, ಕಲ್ಲೂ ತಾಗಿರಬಹುದು, ಕೊಸರೊಂದೇ ಕಾರಣವೆಂದು ನಾನು ಇಂದೂ ಆಣೆ ಮಾಡಿ ಹೇಳಲಾರೆ. ಅಂದು ಯಾರಿಗೂ ಇಂಥ ಅನುಮಾನ ಬರಲಿಲ್ಲ. ಗಾಡಿ ವಾಲಿತು, ಚೀಲಗಳು ಉರುಳಿ ಬಾಯಿ ಬಿಚ್ಚಿದವು. ಎತ್ತುಗಳು ನೊಗದಲ್ಲೇ ನಿಂತು ಹಿಂದಿರುಗಿ ನೋಡಿದವು. ಹೊಟ್ಟಿನ ರಾಶಿಯೊಳಗಿಂದ ಗಾಡಿಯವನು ಎದ್ದುಬಂದ. ಹುಬ್ಬು, ಮೀಸೆ, ರುಮಾಲು ಎಲ್ಲ ಒಂದೇ ಬಣ್ಣ.

"ಸಾವಕಾರ್ರ, ಗಾಳಿ ತುಂಬೀರೋ, ಮದ್ದು ತುಂಬೀರೋ?"

"ಕೊಸರು ಕೇಳಿದಾಂವ ನೀನ ಅಲ್ಲೇನಪಾ?"

"ಕೇಳೂದು ನನ್ನ ಕೆಲಸರೀ! ನಾ ಕೇಳಿದಷ್ಟೂ ಕೊಡೂದ್ಯಾಕ? ಹೆಂಡ್ತಿ ಸೀರಿ ಕೇಳಿದ್ರ ಅಂಗಡಿನ ತಂದು ಕೊಡ್ತೀರೇನು?"

ಗಿರಣಿಯ ಹಮಾಲರು ನಗುತ್ತ ಸುತ್ತ ನೆರೆದರು. ಅಪ್ಪ ನಗಲಿಲ್ಲ. "ಬೆಲ್ಲಕ್ಕ ಕೊಸರು ಕೊಡಂತ ಕಲಿಸಿದ್ದೆ ನಾ. ಗಾಳಿಗೂ ಕೊಟ್ಟಿ ಏನು ನೀ?" ಎಂದು ಎದ್ದು ಕೋಟು ಸರಿಮಾಡಿಕೊಂಡ. "ಆತು ಬಿಡು. ಟೈರು ಹಾಕಿ ಕೊಡು ಅವಂಗ. ಮಶೀನಿಗೆ ಗಿರಾಕಿ ನಾನ ಹುಡುಕ್ತೇನಿ. ಹಬ್ಬಕ್ಕ ಶಿಗ್ಗಾಂವಿಗೆ ಬಂದುಬಿಡ್ರಿ ಎಲ್ಲಾರೂ."

ಕಾಕಾ ತಲೆ ತಗ್ಗಿಸಿದ. ಮೋಟಾರು ಬಂದ್ ಮಾಡುವ ನೆನಪೂ ಅವನಿಗಾಗಲಿಲ್ಲ. ಯಂತ್ರ ತನ್ನ ಪಾಡಿಗೆ ಗುದ್ದುತ್ತಲೇ ಇತ್ತು. ಗಾಡಿಯವನು ಮಾತ್ರ ನಿಂತಲ್ಲಿ ನಿಲ್ಲಲಾರ. ಹೊಟ್ಟು ಅಂಗಿಯೊಳಗೆ ಇಳಿದು ಮೈಯೆಲ್ಲ ತುರಿಕೆ ಎದ್ದಿತ್ತು. ನಾನು ಒಂದು ಕೊಡ ನೀರು ತಂದರೆ, "ನೀರು ಬ್ಯಾಡೋ ಮಾರಾಯ, ಅಂಟಿಕೊಂಡ್ರ ನಾಳೆತನಕಾ ಬಿಡಂಗಿಲ್ಲ!" ಎಂದು ಕುಣಿದ.

ಮುಂದಿನ ಮಾತು ಯಾರದು ಎನ್ನುವುದೇ ನಮ್ಮ ಮನೆಯಲ್ಲಿ ಇಂದಿಗೂ ಬಗೆಹರಿದಿಲ್ಲ. "ಆ ಪೈಪಿಲೇ ಊದಬಾರದೇನು?" ಎಂದದ್ದು ನಾನು ಎಂದೇ ನನ್ನ ನೆನಪು. ಪರದೆಯ ಹಿಂದಿನಿಂದ ತಾನು ಹೇಳಿದ್ದೆಂದು ಚಿಗವ್ವ ಹೇಳುತ್ತಾಳೆ. ಯಾರೂ ಹೇಳಲಿಲ್ಲ, ಕೈ ತಾನೇ ಹೋಯಿತು ಎಂದು ಕಾಕಾ ಹೇಳುತ್ತಿದ್ದ. ನನ್ನ ನೆನಪಿನಲ್ಲಿ ಜಾಣ ನಾನೇ ಆಗಿರುವುದರಿಂದ ಮೂರರಲ್ಲಿ ಅದನ್ನೇ ಮೊದಲು ಅನುಮಾನಿಸಬೇಕು.

ಗ್ಯಾರೇಜಿನವರು ಯಂತ್ರದ ಭಾಗಗಳ ಧೂಳು ಊದಲು ಇಟ್ಟುಕೊಂಡಿದ್ದ ಹಿತ್ತಾಳೆಯ ಸಣ್ಣ ಕೊಳವೆಯೊಂದು ಮೊಳೆಗೆ ತೂಗುಬಿದ್ದಿತ್ತು. ಕಾಕಾ ಅದನ್ನು ಪೈಪಿಗೆ ಸಿಕ್ಕಿಸಿ, ದೂರ ನಿಂತು ಗಾಡಿಯವನ ಬೆನ್ನಿಗೆ ಗಾಳಿ ಬಿಟ್ಟ. ಹಾಗೆ ಮೈಗೆ ಬಿಡಬಾರದು, ಕಣ್ಣು ಕಿವಿಗಳಿಗೆ ಅಪಾಯ ಎಂದು ಮುಂದೆ ಕಾರ್ಖಾನೆಯ ಗೋಡೆಯ ಮೇಲೆ ಓದಿದೆ. ಅಂದು ನಮ್ಮಲ್ಲಿ ಅಂಥ ಗೋಡೆ ಇರಲಿಲ್ಲ. ಹೊಟ್ಟು ಮೋಡದಂತೆ ಎದ್ದು ಹಾರಿತು. ಅಂಗಿಯ ಬಣ್ಣ ಕಾಣಿಸಿತು. ಗಾಡಿಯವನು ಬಯ್ಯುವುದನ್ನು ನಿಲ್ಲಿಸಿ, ಕಣ್ಣು ಮುಚ್ಚಿ ಎರಡೂ ಕೈ ಎತ್ತಿದ.

"ಆಹಾ... ಬಗಲಾಗ... ಇನ್ನಷ್ಟು ಕೆಳಗ... ಹಾಂ, ಅಲ್ಲೇ ಅಲ್ಲೇ!"

"ಮದುಮಗನ ಗತೆ ನಿಂತಾನ ನೋಡ್ರಲೇ!" ಎಂದು ಒಬ್ಬ ಹಮಾಲ ಕೂಗಿದ.

"ನಗಬ್ಯಾಡ್ರಲೇ, ಒಮ್ಮೆ ನಿಂತು ನೋಡ್ರಿ. ಸಾವಕಾರ್ರ, ಇನ್ನ ಮ್ಯಾಲ ಟೈರಿನಾಗ ಮುಳ್ಳಿನಷ್ಟ ತುಂಬ್ರಿ. ಕೊಸರು ಇದನ್ನ ಕೊಡ್ರಿ."

ಅಷ್ಟರಲ್ಲಿ ಹಾರಿದ ಹೊಟ್ಟೆಲ್ಲ ಅಪ್ಪನ ಕರಿ ಕೋಟಿನ ಮೇಲೆ ಕೂತಿತ್ತು. ಅಪ್ಪ ಕೈಯಿಂದ ಝಾಡಿಸಿದ, ಹೋಗಲಿಲ್ಲ. ತಮ್ಮನ ಕಡೆ ನೋಡಿದ. ಕಾಕಾ ಹೆದರುತ್ತ, "ಟೊಪಿಗಿ ಹಿಡಕೋ ಅಣ್ಣಾ," ಎಂದ. ಅಪ್ಪ ಒಂದು ಕೈಯಲ್ಲಿ ಟೊಪ್ಪಿಗೆ, ಇನ್ನೊಂದರಲ್ಲಿ ಧೋತರ ಹಿಡಿದು, ಮುಖ ಗಂಟಿಕ್ಕಿಕೊಂಡೇ ಸುತ್ತಲೂ ತಿರುಗಿದ. ಎರಡನೆಯ ಸುತ್ತಿಗೆ ಗಂಟು ಸಡಿಲವಾಯಿತು. ಮೂರನೆಯ ಸುತ್ತಿನ ಅಗತ್ಯವೇ ಇರಲಿಲ್ಲ, ಆದರೂ ತಿರುಗಿದ.

ಹಮಾಲರು ಒಬ್ಬೊಬ್ಬರೇ ಬಂದು ನಿಂತರು. ಅವರೆಲ್ಲ ಇಲ್ಲಿ ಸೇರಿದರೆ ಅಲ್ಲಿ ಗಿರಣಿ ನಿಲ್ಲದೇ ಇದ್ದೀತೇ? ಸಿಟ್ಟಿನಿಂದ ಗಿರಣಿಯ ಮಾಲಕನೇ ಹೊರಗೆ ಬಂದ. ಬಂದವನು ಬಯ್ಯಲಿಲ್ಲ, ಹಾರುವ ಹೊಟ್ಟನ್ನು ಸ್ವಲ್ಪ ಹೊತ್ತು ನೋಡಿದ.

"ನಮ್ಮ ಮೋಟಾರಿನಾಗ ಕುಂತ ಹೊಟ್ಟೂ ಹಿಂಗ ಹೋಗತೈತೇನು? ಅದನ್ನ ಬಿಚ್ಚಿ ತಗ್ಯಾಕ ಒಂದು ದಿನ ಗಿರಣಿ ಬಂದ್ ಬೀಳತೈತಿ."

ಕಾಕಾ ಬಾಯಿ ತೆರೆಯುವ ಮೊದಲೇ ಅಪ್ಪ ಕೋಟಿನ ಗುಂಡಿ ಹಾಕಿಕೊಳ್ಳುತ್ತ ಮುಂದೆ ಬಂದ. ಗಿರಾಕಿ ಕಂಡರೆ ಅವನ ದನಿಯೇ ಬೇರೆ. "ಹೋಗದೇನ್ರಿ? ಬಿಚ್ಚೂದ ಬ್ಯಾಡ. ಮೋಟಾರು, ಮಶೀನು, ಸಂದಿಗೊಂದಿ ಎಲ್ಲಾ ಸ್ವಚ್ಛ ಮಾಡಿ ಕೊಡ್ತಾನ. ವಾರಕ್ಕೊಮ್ಮೆ ಬರ್ತಾನ ನನ್ನ ತಮ್ಮ. ವರ್ಷಗಟ್ಟಲೆ ಬರ್ತಾನ."

"ಹಂಗಾರ ನಾಳೇನ ಬರಾಕ ಹೇಳ್ರಿ," ಎಂದು ಮಾಲಕ ಒಳಗೆ ಹೋದ.

ಪರದೆಯ ಹಿಂದೆ ಬಳೆಗಳ ಸದ್ದಾಯಿತು. ಕಾಕಾ ಪೈಪು ಹಿಡಿದುಕೊಂಡೇ ನಿಂತಿದ್ದ. ಮೆಲ್ಲಗೆ ಕೇಳಿದ, "ಅಣ್ಣಾ, ಹಬ್ಬಕ್ಕ ಶಿಗ್ಗಾಂವಿ ಅಂಗಡಿಗೆ ಬಾ ಅಂದಿದ್ದಿ?"

ಅಪ್ಪ ಆಗಷ್ಟೇ ತಾನು ಆಡಿದ ಮಾತು ತನಗೇ ಕೇಳಿಸಿತೋ ಎಂಬಂತೆ ನಿಂತ. ಆಮೇಲೆ ಸಿಡುಕಿನಿಂದ, "ಹೆಂಗ ಬರ್ತಿ? ವಾರಾ ವಾರಾ ಬರ್ತಾನಂತ ಊರಮುಂದ ಮಾತು ಕೊಟ್ಟು ಕುಂತೇನಿ. ನನ್ನ ಮಾತು ಮುರೀತಿ ಏನು?" ಎಂದ. ಒಳಗಿನಿಂದ ಬಂದ ಚಹಾ ಕುಡಿದು, ಒಡೆದ ಟೈರಿನ ಬದಲು ಬೇರೆ ಹಳೆಯ ಟೈರು ಹಾಕಿಸಿಕೊಟ್ಟು, ಸಂಜೆಯ ಬಸ್ಸಿಗೆ ಒಬ್ಬನೇ ಹೊರಟುಹೋದ.