ವನಜಕ್ಕ ತೆಗೆದಿಟ್ಟ ಮಾಸ್ಕ್

"ಅತ್ಗೆ, ಸೂರಣ್ಣ ಕಂಡದ್ದನ್ನ ನಿಮ್ಗೂ ಒಂದ್ ಸಲ ತೋರ್ಸ್ತೆ. ಕಡಲಮ್ಮನ ಆಣೆ."

ಸೂರ ತೀರಿಕೊಂಡ ಮೇಲಿನ ಬೊಜ್ಜದ ಊಟಕ್ಕೆ ಬಂದಿದ್ದ ರಾಜೇಂದ್ರ ಸೂರನ ಹೆಂಡತಿ ವನಜಕ್ಕನಿಗೆ ಕೊಟ್ಟ ಮಾತಿದು. ಸೂರ ದ್ವೀಪದ ಬುಡದಲ್ಲಿ ಮುಳುಗಿ, ಬಂಡೆಗೆ ಅಂಟಿದ ಪಚ್ಚಿಲೆ ಚಿಪ್ಪು ಕಿತ್ತು ತರುತ್ತಿದ್ದವನು. ಮನೆಗೆ ಬಂದರೆ ಅಲ್ಲಿನ ಮೀನುಗಳ ಬಣ್ಣ ಹೇಳಿ ಮುಗಿಯುತ್ತಿರಲಿಲ್ಲ. ಅವನ ದೋಣಿಯಲ್ಲೇ ಕೆಲಸ ಕಲಿತ ರಾಜೇಂದ್ರ ಈಗ ಅದೇ ದ್ವೀಪಕ್ಕೆ ಪ್ರವಾಸಿಗರನ್ನು, ಮಾಸ್ಕ್ ತೊಟ್ಟು ನೀರಿನಡಿ ನೋಡುವ ಸ್ನಾರ್ಕೆಲಿಂಗ್‌ಗೆ ಕರೆದೊಯ್ಯುತ್ತಾನೆ.

ಬೈಂದೂರಿನ ಕಡಲ ದಂಡೆಯಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ತಗಡಿನ ಮಾಡಿನ ಕೆಳಗೆ ವನಜಕ್ಕ ದಾಸವಾಳದ ಸೊಪ್ಪು ಹಿಚುಕಿ ಗೊಂಪು ತೆಗೆಯುತ್ತಿದ್ದಾರೆ. ತಲೆಸ್ನಾನಕ್ಕಲ್ಲ, ಮಾಸ್ಕಿನ ಗಾಜಿಗೆ. ಮಬ್ಬು ಕಟ್ಟಬಾರದೆಂದರೆ ಗಾಜಿಗೆ ಉಗುಳು ಸವರಬೇಕು ಎನ್ನುತ್ತಾರೆ ಮುಳುಗುವವರು. ಎಂಜಲು ಎಂದೊಡನೆ ಗಿರಾಕಿಗಳು ಮುಖ ಸಿಂಡರಿಸುತ್ತಾರೆ. ಅದಕ್ಕೇ ಈ ಲೋಳೆ.

"ಉಸಿರಾಡುಕೆ ಬಾಯಲ್ಲಿ ಕಚ್ಚುವ ನಳಿಗೆ ನಿನ್ನೆ ಯಾರ್ ಬಾಯಲ್ಲಿತ್ತೋ! ಅದಕ್ಕೆ ಎಂಜಲಿಲ್ಲ ಕಾಣಿ," ಎಂದು ಅವರು ನಗುತ್ತಾರೆ. "ತೊಳುದು ನಾನಲ್ದಾ, ನಂಗೊತ್ತಿತ್."

ಹೆಮ್ಮಾಡಿಯ ರಸ್ತೆ ಬದಿಯಲ್ಲಿ ಮೀನು ಮಾರುತ್ತಿದ್ದವರು ಮಂಡಿ ಹಿಡಿದ ಮೇಲೆ ರಾಜೇಂದ್ರನ ಬಳಿ ಈ ಕೆಲಸಕ್ಕೆ ಬಂದಿದ್ದಾರೆ. ಸೋಪು, ಉಪ್ಪುನೀರಿಗೆ ಬೆರಳ ಸಂದೆಲ್ಲ ಬಿರಿದಿದೆ. ವಾರದ ಕೊನೆಗಂತೂ ಬೆನ್ನು ನೆಟ್ಟಗಾಗುವುದಿಲ್ಲ. ಗಿರಾಕಿಗಳು ಕಾಲಿಗೆ ತೊಡುವ ಈಜುರೆಕ್ಕೆ ಹಿಮ್ಮಡಿ ಉಜ್ಜುತ್ತದೆಯೇ ನೋಡಬೇಕು. ಪಟ್ಟಿ ಬಿಗಿಯದೆ ಮಾಸ್ಕನ್ನು ಮುಖಕ್ಕೊತ್ತಿ ಮೂಗಿನಿಂದ ಉಸಿರೆಳೆಸಬೇಕು. ಹಿಡಿದು ನಿಂತರೆ ಸರಿ, ಜಾರಿದರೆ ಬೇರೆಯದು. ಹೀಗೆ ಎಷ್ಟೋ ಮುಖಗಳಿಗೆ ಹೊಂದಿಸಿ ಕೊಟ್ಟವರು ತಮ್ಮ ಮುಖಕ್ಕೂ ಒಂದನ್ನು ಆರಿಸಿಟ್ಟುಕೊಂಡಿದ್ದಾರೆ. ಮೆತ್ತನೆ ರಬ್ಬರಿನದು, ಅಂಥದ್ದು ಅಲ್ಲಿ ಅದೊಂದೇ. ಗುರುತಿಗೆಂದು ಪಟ್ಟಿಗೆ ಬಲೆಯ ನೂಲು ಕಟ್ಟಿದ್ದಾರೆ. ಪ್ರತಿ ವರ್ಷ ಮಳೆ ಮುಗಿದು ದೋಣಿ ಕಡಲಿಗಿಳಿಯುವಾಗ ತಮ್ಮನ್ನೂ ಕರೆದೊಯ್ಯಲು ಕೇಳುತ್ತಾರೆ. ರಾಜೇಂದ್ರನ ಉತ್ತರ ಒಂದೇ: "ಸೀಟ್ ಫುಲ್ ಅತ್ಗೆ, ಮುಂದಿನ್ ಸಲ ಕಾಂಬ."

ಕಳೆದ ಭಾನುವಾರ ಅವನೇ ಕರೆದಿದ್ದಾನೆ. ಬಂದ ಕುಟುಂಬದಲ್ಲಿ ವಯಸ್ಸಾದವರಿದ್ದರು, ದೋಣಿಯಲ್ಲಿ ನೋಡಿಕೊಳ್ಳಲು ಒಬ್ಬರು ಬೇಕಿತ್ತು. ವನಜಕ್ಕ ತಮ್ಮ ಮಾಸ್ಕನ್ನು ಮಡಿಲಲ್ಲಿಟ್ಟುಕೊಂಡು ಹೊರಟರು.

ದ್ವೀಪದ ಬಳಿ ಆ ಮನೆಯ ಮಗ ನೀರಿಗಿಳಿದ. ದಪ್ಪ ಮೀಸೆ. ಮುಖ ಮುಳುಗಿಸಿದಾಗಲೆಲ್ಲ ಮಾಸ್ಕಿನೊಳಗೆ ನೀರು. ವನಜಕ್ಕ ಮೀಸೆಗೆ ವ್ಯಾಸಲಿನ್ ಮೆತ್ತಿ ನೋಡಿದರು, ಆಗಲಿಲ್ಲ.

"ಮೀಸೆ ತೆಗ್ದ್ ಬಪ್ಪುದಲ್ದಾ ಮರ್ರೆ?" ಎಂದ ರಾಜೇಂದ್ರ.

"ಅಪ್ಪ ಇರೋವಾಗ ಮೀಸೆ ತೆಗೀತಾರೇನ್ರೀ?"

ದೋಣಿಯ ಅಂಚು ಹಿಡಿದು ಕೂತಿದ್ದ ಅಪ್ಪ, "ನಾನಿನ್ನೂ ಸತ್ತಿಲ್ಲ ಕಣಪ್ಪ!" ಎಂದರು. ಎಲ್ಲರೂ ನಕ್ಕರು. ನಗುತ್ತಲೇ ರಾಜೇಂದ್ರನ ಕಣ್ಣು ವನಜಕ್ಕನ ಮಡಿಲಿಗೆ ಬಿತ್ತು.

"ಹ್ವಾಯ್ ಅತ್ಗೆ, ಅದನ್ನ ಕೊಡಿ. ಗಿರಾಕಿ ಮುಖ್ಯ ಅಲ್ದಾ?"

ವನಜಕ್ಕ ನೂಲು ಬಿಚ್ಚಿದರು. ಗಾಜಿಗೆ ಗೊಂಪು ಸವರಿ, ತಾವೇ ಬಗ್ಗಿ ಆ ಮಗನ ತಲೆಗೆ ಪಟ್ಟಿ ಬಿಗಿದರು. ಅವನು ಮುಳುಗಿದ, ಎದ್ದ, "ಅಬ್ಬಾ, ಏನ್ ಬಣ್ಣ ಅಪ್ಪಾ!" ಎಂದು ಕೂಗಿದ. ಅಷ್ಟರಲ್ಲಿ ಅಪ್ಪನಿಗೆ ವಾಂತಿ. ವನಜಕ್ಕ ಅವರ ಹಣೆ ಹಿಡಿದು ಕೂತರು. ಗಾಳಿ ಎದ್ದಿತು, ದೋಣಿ ದಡಕ್ಕೆ ತಿರುಗಿತು.

ಈಗ ಅದೇ ಮಾಸ್ಕನ್ನು ತೊಳೆದು, ಉಳಿದವುಗಳ ಸಾಲಿನಲ್ಲೇ ನೇತು ಹಾಕುತ್ತಿದ್ದಾರೆ. ನೂಲು ಮತ್ತೆ ಕಟ್ಟಿಲ್ಲ.

"ನಾ ಆರ್ಸಿದ್ದ್ ಸಮ ಇತ್ ಕಾಣಿ. ಅಷ್ಟ್ ದಪ್ಪ ಮೀಸೆಗೂ ಒಂದ್ ಹನಿ ನುಗ್ಲಿಲ್ಲ," ಎನ್ನುತ್ತಾರೆ. ನಗು ಮಾತ್ರ ಇಲ್ಲ.

ರಾಜೇಂದ್ರನನ್ನು ಕೇಳಿದರೆ, "ಕರ್ಕಂಡ್ ಹೋದೆ ಅಲ್ದಾ? ಇನ್ನೆಂತ?" ಎನ್ನುತ್ತಾನೆ.

ಸೂರ ಕಂಡದ್ದನ್ನು ವನಜಕ್ಕ ಕಂಡಿಲ್ಲ. ರಾಜೇಂದ್ರ ಮಾತು ಉಳಿಸಿಕೊಂಡಿಲ್ಲ.