ಸೋಫಾದಿಂದ ಇಳಿಯದ ನಾಯಿ

ಮನೆಗೆಲಸದ ಅಕ್ಕನಿಗೆ ನಾಲ್ಕು ದಿನದ ಕೂಲಿ ಇನ್ನೂ ಬಾಕಿ ಇದೆ. ಕಳೆದ ತಿಂಗಳು ಯಜಮಾನಿಯ ಪುಟ್ಟ ನಾಯಿ ಅವಳ ಬೆರಳು ಕಚ್ಚಿತ್ತು. ಚುಚ್ಚುಮದ್ದಿಗೆಂದು ಅವಳು ನಾಲ್ಕು ಸಲ ಆಸ್ಪತ್ರೆಯಲ್ಲಿ ಸಾಲು ನಿಂತಳು. ಆ ನಾಲ್ಕೂ ದಿನವನ್ನು ಯಜಮಾನಿ ರಜೆಯೆಂದು ಸಂಬಳದಲ್ಲಿ ಮುರಿದುಕೊಂಡಳು.

ಹೋದ ವಾರ ನಾಯಿಗೆ ಲಸಿಕೆ ಹಾಕಿಸಲು ಹೋದಾಗಲೂ ಅದನ್ನು ಎತ್ತಿಕೊಂಡು ನಿಂತವಳು ಅಕ್ಕನೇ. ನಾಯಿ ಹೊರಗೆ ತಿರುಗುತ್ತದೆಯೇ ಎಂದು ವೈದ್ಯರು ಯಜಮಾನಿಯನ್ನು ಕೇಳಿದರು.

“ಇಲ್ಲ ಡಾಕ್ಟ್ರೇ, ಸೋಫಾ ಬಿಟ್ಟು ಇಳಿಯಲ್ಲ. ರೇಬೀಸ್‌ದು ಬೇಡ ಬಿಡಿ. ಪುಟ್ಟ ಜೀವ, ಪಾಪ, ನೋವಾಗುತ್ತೆ.”

ಆ ಮನೆಯಲ್ಲಿ ಹನ್ನೊಂದು ವರ್ಷ ತುಟಿ ಪಿಟಕ್ಕೆನ್ನದ ಅಕ್ಕ ಅಂದು ಬಾಯಿಬಿಟ್ಟಳು. “ಅಮ್ಮಾವ್ರೇ, ದಿನಾ ಎರಡು ಹೊತ್ತು ಇದನ್ನ ಬೀದಿ ಸುತ್ತಿಸೋದು ನಾನು. ಕಸದ ತೊಟ್ಟಿ ಹತ್ರ ಬೀದಿನಾಯಿಗಳ ಜೊತೆ ಮೂತಿ ತಿಕ್ಕುತ್ತೆ. ಸೋಫಾನೂ ನಮ್ ಜೊತೆ ಬರುತ್ತಾ ಅಲ್ಲಿಗೆ?”

ವೈದ್ಯರು ಅಕ್ಕನ ಬೆರಳಿನ ಮೇಲಿನ ಕಚ್ಚಿದ ಕಲೆ ನೋಡಿ, “ಮೊದಲು ರೇಬೀಸ್‌ದೇ ಹಾಕೋಣ” ಎಂದರು. ಸೂಜಿ ಚುಚ್ಚಿದಾಗ ನಾಯಿ ಕುಂಯ್ ಅನ್ನಲಿಲ್ಲ. ಯಜಮಾನಿ ಮಾತ್ರ ಮನೆ ಸೇರುವವರೆಗೂ ಮುಖ ಊದಿಸಿಕೊಂಡಿದ್ದಳು.

ನಿಮ್ಮ ನಾಯಿಗೆ ಯಾವ ಲಸಿಕೆ ಬೇಕೆಂದು ತೀರ್ಮಾನಿಸುವ ಮೊದಲು, ಅದನ್ನು ಬೀದಿಗೆ ಕರೆದೊಯ್ಯುವವಳನ್ನು ಕೇಳಿ. ಕಚ್ಚಿಸಿಕೊಂಡವಳ ಕೂಲಿ ಮುರಿದಿದ್ದರೆ ಇವತ್ತೇ ಕೊಡಿ.